ಮಗು ಮಲಗಿದರೆ ಚಿಪ್ ಕೂಡ ಮಲಗಲಿ

ನಮ್ಮ ಆಫೀಸಿನ ಯಜಮಾನರು ನನ್ನ ಭಾವನೇ. ಬೆನ್ನ ಹಿಂದೆ ಎಲ್ಲರೂ ಅವರನ್ನು ಜಿಪುಣಪ್ಪ ಎನ್ನುತ್ತಾರೆ. ಚಿಪ್ ನುಂಗುವ ವಿದ್ಯುತ್ತಿನಲ್ಲಿ ಕೂದಲೆಳೆಯಷ್ಟು ಉಳಿದರೂ ಸಾಕು, ಅವರ ಮುಖ ಅರಳುತ್ತದೆ. ನನಗೂ ಅದು ಮೆಚ್ಚುಗೆಯ ಗುಣವೇ ಆಗಿತ್ತು. ಈಗ ಆ ಮುಖ ಕಂಡರೆ ಹೇಸಿಗೆ.

ನಾವು ಮಾಡುತ್ತಿದ್ದದ್ದು ಹಸುಗೂಸಿನ ಕಾಲುಚೀಲದೊಳಗೆ ಕೂರುವ ಚಿಪ್. ಮಗುವಿನ ಉಸಿರು ಕಾಯುವುದು ಅದರ ಕೆಲಸ. ಉಸಿರು ತಪ್ಪಿದರೆ ಅಮ್ಮನ ಫೋನು ಕಿರುಚಬೇಕು. ಬ್ಯಾಟರಿ ಮಾತ್ರ ತಿಂಗಳುಗಟ್ಟಲೆ ಬಾಳಬೇಕೆಂದು ಮಾರಾಟದವರ ಹಟ. ಕೆಲಸವಿಲ್ಲದ ಭಾಗಕ್ಕೆ ವಿದ್ಯುತ್ ಕಡಿದುಬಿಡುವುದು ನಮ್ಮ ಕಸುಬಿನ ಹಳೆಯ ಉಪಾಯ, ಅದರಲ್ಲಿ ತಪ್ಪೇನಿಲ್ಲ. ಆದರೆ ಭಾವ ಹಾಕಿದ ನಿಯಮ ಹೀಗಿತ್ತು: ಮಗು ಅಲುಗಾಡದಿದ್ದರೆ ನೆಮ್ಮದಿಯಾಗಿ ಮಲಗಿದೆ ಎಂದರ್ಥ, ಆಗ ಚಿಪ್ ಕೂಡ ಮಲಗಲಿ, ಮಗು ಮಿಸುಕಿದಾಗ ಏಳಲಿ.

ಉಸಿರು ನಿಂತ ಮಗು ಮಿಸುಕುತ್ತದೆಯೇ? ಇದನ್ನು ಓದಿಯೂ ಇಡೀ ತಂಡ ತಲೆಯಾಡಿಸಿ, ಚಪ್ಪಾಳೆ ತಟ್ಟಿ, ಕೇಕ್ ತಿಂದಿತ್ತು. ಇವರ ಬುದ್ಧಿಗಿಷ್ಟು ಬೆಂಕಿ ಹಾಕ!

ವಿನ್ಯಾಸ ಪರೀಕ್ಷಿಸಿ ಕೊನೆಯ ಒಪ್ಪಿಗೆ ಕೊಡಬೇಕಾದವಳು ನಾನು. ಕೊಡಲಿಲ್ಲ. ಅದಿಲ್ಲದೆ ಅದು ಆ ಸಂಜೆ ಕಾರ್ಖಾನೆಗೆ ಹೋಗುವಂತಿರಲಿಲ್ಲ. ಭಾವ ಸಿಡುಕಲಿಲ್ಲ, ಊಟಕ್ಕೆಂದು ಮನೆಗೆ ಕರೆದುಕೊಂಡು ಹೊರಟರು.

"ಅಮ್ಮಾ ತಾಯಿ, ಅಂಥದ್ದು ಲಕ್ಷಕ್ಕೊಂದು ಆಗೋದು," ಎಂದರು ಕಾರಿನಲ್ಲಿ. "ಮುಂದಿನ ಸಲ ಸರಿ ಮಾಡೋಣ. ಈಗ ಸುಮ್ನೆ ತಲೆ ತಿನ್ಬೇಡ."

ಲಕ್ಷಕ್ಕೊಂದು! ಬದನೆಕಾಯಲ್ಲಿ ಹುಳ ಸಿಕ್ಕ ಹಾಗೆ ಹೇಳಿದರು.

ಅಕ್ಕ ಬಡಿಸಿದಳು. ಪಕ್ಕದ ತೊಟ್ಟಿಲಲ್ಲಿ ಅವಳ ಎಳೆಗೂಸು ಮಲಗಿತ್ತು. ಕಾಲಿಗೆ ದಪ್ಪನೆಯ ಪಟ್ಟಿ, ಬೇರೆ ಕಂಪನಿಯ ಹಳೇ ಮಾಲು. ಬ್ಯಾಟರಿ ಒಂದೇ ದಿನಕ್ಕೆ ಖಾಲಿ, ಆದರೆ ಅದು ಎವೆಯಿಕ್ಕದೆ ಕಾಯುತ್ತದೆ.

"ನಮ್ದು ಬರೋವರೆಗೂ ಇದಾ?" ಎಂದೆ.

"ಇಲ್ವೇ, ನಿಮ್ದು ಬಂದ್ಮೇಲೂ ಇದೇ ಇರ್ಲಿ ಅಂದಿದಾರೆ ನಿಮ್ಮ ಭಾವ. ದಿನಾ ಚಾರ್ಜಿಗೆ ಹಾಕಿ ಹಾಕಿ ನಂಗೆ ಸಾಕಾಗಿದೆ, ನಿಮ್ದೇ ತಂದ್ಕೊಡಿ ಅಂದ್ರೂ ಕೇಳಲ್ಲ. ಯಾಕೆ, ನಿಮ್ದು ಚೆನ್ನಾಗಿಲ್ವಾ?"

ಭಾವ ತಟ್ಟೆಯಿಂದ ತಲೆ ಎತ್ತಲಿಲ್ಲ. ತುತ್ತಿನ ಮೇಲೆ ತುತ್ತು ಇಳಿಯುತ್ತಿತ್ತು. ಲಕ್ಷಕ್ಕೊಂದು ಎನ್ನುವ ಮಾತನ್ನು ಇವರಾದರೂ ನಂಬಿದ್ದಾರೆ ಅಂದುಕೊಂಡಿದ್ದೆ. ಅದೂ ಇಲ್ಲ. ಥೂ!

"ಹೇಳಿ ಭಾವ. ಅಕ್ಕ ಕೇಳ್ತಿದಾಳೆ."

"ಊಟದ ಹೊತ್ತಲ್ಲಿ ಆಫೀಸಿನ ಮಾತ್ಯಾಕೆ?" ಎಂದರು.

ನಾನೇ ಹೇಳಿದೆ. ಮಗು ಅಲುಗಾಡದಿದ್ದರೆ ನಮ್ಮ ಚಿಪ್ ಮಲಗಿಬಿಡುತ್ತದೆ ಎಂದೆ, ಅಷ್ಟೇ. ಅಕ್ಕನ ಕೈಯ ಸೌಟು ಹಾಗೇ ನಿಂತಿತು. ಅವಳು ಗಂಡನ ಮುಖ ನೋಡಿದಳು; ಅವರು ನೀರಿನ ಲೋಟಕ್ಕೆ ಕೈ ಚಾಚಿದರು.

"ಒಪ್ಪಿಗೆ ಕೊಡ್ಬೇಕಾದೋಳು ನೀನೇನಾ?" ಎಂದು ನನ್ನನ್ನು ಕೇಳಿದಳು.

"ಹೂಂ."

"ಕೊಡ್ಬೇಡ ಕಣೇ."

ಆಮೇಲೆ ಸೌಟು ಕೆಳಗಿಟ್ಟು, ಇನ್ನೂ ಅರ್ಧ ಊಟವಿದ್ದ ಗಂಡನ ತಟ್ಟೆಯನ್ನು ಎತ್ತಿಕೊಂಡು ಒಳಗೆ ನಡೆದಳು. ಭಾವ ಎಂಜಲು ಕೈ ಹಿಡಿದುಕೊಂಡು ಕೂತೇ ಇದ್ದರು.