ಹಿಮದ ಅಂಚಿನಲ್ಲಿ ಸುಂದರವ್ವನ ಚಪ್ಪಲಿ

ಮೊದಲ ಸಾಲಿನಲ್ಲೇ ಸುಂದರವ್ವನನ್ನು ಹಿಮದ ಗುಡ್ಡದ ತುದಿಗೆ ನಿಲ್ಲಿಸಿಬಿಡಲೇ, ಅಥವಾ ಬೈಲಹೊಂಗಲದಿಂದಲೇ ಕರೆತರಲೇ? ಊರಿಂದ ಹೊರಟರೆ ದಿಲ್ಲಿ ಮುಟ್ಟುವಷ್ಟರಲ್ಲಿ ನೀವು ಆಕಳಿಸುತ್ತೀರಿ. ನನಗೂ ಬೆಳಿಗ್ಗೆ ಮಕ್ಕಳ ಎರಡು ಡಬ್ಬಿ ಕಟ್ಟುವುದಿದೆ. ತುದಿಗೇ ನಿಲ್ಲಿಸುತ್ತೇನೆ.

೧

೧೯೯೯ರ ಜನವರಿ. ಹಿಮಾಚಲದ ಒಂದು ಗುಡ್ಡದ ತುದಿಯಲ್ಲಿ, ಕಾಲಿಗೆ ಸ್ಕೀ ಕಟ್ಟಿಕೊಂಡು, ಐವತ್ತರ ಸುಂದರವ್ವ ನಿಂತಿದ್ದಳು. ಕೆಳಗೆಲ್ಲ ಹಿಮ, ಬೈಲಹೊಂಗಲದ ಮಿಲ್ಲಿನ ಅಂಗಳದಲ್ಲಿ ಸುರುವಿದ ಹತ್ತಿಯ ಹಾಗೆ...

"ಹತ್ತಿ ಬೆಚ್ಚಗಿರತೈತ್ರಿ," ಎಂದಳು ಸುಂದರವ್ವ. "ಮತ್ತ ನಾ ಎಲ್ಲಿ ನಿಂತೇನಿ ತುದೀಗೆ? ಚಪ್ಪಲಿ ಬಿಟ್ಟು ಇಲ್ಲೇ ಕೆಳಗ ಕುಂತೇನಿ. ನೋಡಿ ಬರೀರಿ."

(ಹಿಮವನ್ನು ನಾನು ನೋಡಿರುವುದು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಮಾತ್ರ. ಆಕೆಗೆ ಹೇಳಬೇಡಿ.)

ಬರೆದದ್ದನ್ನು ಹೊಡೆದು ಹಾಕಿದೆ.

೨

ನಡೆದದ್ದು ಹೀಗೆ. ಅಂಚೆ ಕಚೇರಿಯ ಕ್ಲಾರ್ಕ್ ನಿಜಗುಣಪ್ಪನಿಗೆ ಎಲ್‌ಟಿಸಿ, ಅಂದರೆ ಸರಕಾರಿ ಖರ್ಚಿನ ಪ್ರವಾಸದ ರಜೆ, ಸಿಕ್ಕಿತ್ತು. ಹೆಂಡತಿ ಸುಂದರವ್ವನನ್ನು ಕರೆದುಕೊಂಡು ಊರಿನಿಂದ ಹೊರಟ ಟೂರಿನ ಬಸ್ಸು ಹತ್ತಿದ. ಹೆಸರಾದ ರಿಸಾರ್ಟಿನ ರಸ್ತೆ ಹಿಮ ಬಿದ್ದು ಮುಚ್ಚಿತ್ತು. ಡ್ರೈವರು ಒಂದು ಹಳ್ಳಿಯಲ್ಲಿ ನಿಲ್ಲಿಸಿ, "ಒಂದ ತಾಸು ಟೈಮ್ ನೋಡ್ರಿ" ಎಂದ.

ಆ ಹಳ್ಳಿಯ ಗುಡ್ಡದಲ್ಲಿ ಊರವರೇ ಸ್ಕೀ ಮಾಡುತ್ತಿದ್ದರು. ಟಿಕೆಟ್ಟಿಲ್ಲ, ಬೋರ್ಡಿಲ್ಲ. ಮೇಲಕ್ಕೆ ಎಳೆಯಲು ಒಂದು ಹಗ್ಗ, ಹಗ್ಗಕ್ಕೊಂದು ಟ್ರ್ಯಾಕ್ಟರ್ ಎಂಜಿನ್ನು; ಎಂಜಿನ್ನಿನವ ಚಹಾಕ್ಕೆ ಹೋದರೆ ಎಲ್ಲರೂ ನಿಂತಲ್ಲೇ ಹರಟೆ. ಮುದುಕಿಯರು ಕಟ್ಟಿಗೆಯ ಹಳೇ ಸ್ಕೀ ಕಟ್ಟಿಕೊಂಡು, ಸಂತೆಗೆ ಹೊರಟವರಂತೆ ಮಾತಾಡುತ್ತ ಜಾರಿ ಬರುತ್ತಿದ್ದರು.

ಸುಂದರವ್ವನ ಅಂಗಾಲು ಜುಮ್ಮೆಂದಿತು. ಕಿತ್ತೂರು ಆಕೆಯ ತವರು. ಕೋಟೆಯ ದಿಬ್ಬದಿಂದ ಹರಕು ಚೀಲದ ಮೇಲೆ ಕೂತು ಜಾರುವುದರಲ್ಲಿ ಓಣಿಯವರನ್ನೆಲ್ಲ ಹಿಂದೆ ಹಾಕುತ್ತಿದ್ದಳು. ದೊಡ್ಡವಳಾದ ದಿನ ಅವ್ವ ಆ ಚೀಲವನ್ನು ಒಲೆಗೆ ತುರುಕಿದಳು. ಆಮೇಲಿನ ಮೂವತ್ತೇಳು ವರ್ಷ ಮೆಟ್ಟಿಲು ಕೂಡ ಗೋಡೆ ಹಿಡಿದೇ ಇಳಿದವಳು. ಇಂದು ಜಾರಬೇಕು. ಒಂದೇ ಸಲ. ಬಸ್ಸು ಹೊರಡುವುದರೊಳಗೆ.

ಆದರೆ ಸ್ಕೀಗೆ ಬೂಟು ಬೇಕು.

"ಹಾಕ್ಕೋ," ಎಂದು ನಿಜಗುಣಪ್ಪ ಯಾರ ಬಳಿಯೋ ಕೇಳಿ ತಂದ ಬೂಟು ಮುಂದಿಟ್ಟ.

"ಶಿವನ ಮನಿ ಇದು. ಚರ್ಮದ ಬೂಟು ಹಾಕ್ಕೊಂಡು ತುಳೀಲೇನ್ರಿ?"

"ಶಿವನ ಮನಿ ಕೈಲಾಸ. ಹಿಮಾಲಯ ಅಂದ್ರ ಮಾವನ ಮನಿ. ಮಾವನ ಮನ್ಯಾಗ ಅಳ್ಯಾಗ ಎಲ್ಲಾ ನಡೀತೈತಿ."

"ಹಂಗಂದ್ರ ಪಾರ್ವತಿ ತವರ ಮನಿ ಆತಲ್ಲ. ತವರ ಮನಿ ಒಳಗ ಬೂಟು ಹಾಕ್ಕೊಂಡು ಹೊಕ್ಕಾರೇನ ಯಾರರ?"

ನಿಜಗುಣಪ್ಪ ಬೂಟನ್ನು ವಿಳಾಸ ತಪ್ಪಿದ ಪಾರ್ಸಲಿನ ಹಾಗೆ ಪಕ್ಕಕ್ಕಿಟ್ಟ.

ನಾನೂ ಬಾಯಿ ಹಾಕಿದೆ. "ಸುಂದರವ್ವ, ನೀವು ಬೂಟು ಹಾಕಿಕೊಳ್ಳದಿದ್ದರೆ ಕಥೆ ಮುಂದೆ ಹೋಗುವುದಿಲ್ಲ."

"ಹೋಗೂದು ಬ್ಯಾಡ. ನಿಮ್ಮ ಕಥಿ ಸಲುವಾಗಿ ದೇವರ ಜಗಲಿ ತುಳೀಲೇನು?"

ಅಂದಳು, ಆದರೆ ಕಣ್ಣು ಗುಡ್ಡ ಬಿಟ್ಟು ಕದಲಲಿಲ್ಲ.

೩ (ಬರೆದು ಬಿಟ್ಟದ್ದು)

'ಕಾಲಕ್ಕೆ ತಕ್ಕಂತೆ ಬದಲಾಗಬೇಕು' ಎಂದುಕೊಂಡ ಸುಂದರವ್ವ ಬೂಟು ಧರಿಸಿದಳು.

(ಥೂ. ಇದು ಸಾಲಿ ಮಕ್ಕಳ ನೀತಿಪಾಠ.)

೪

ಬರಿಗಾಲಲ್ಲಿ ಕೂತವಳನ್ನು ಆ ಹಳ್ಳಿಯ ಒಬ್ಬ ಮುದುಕಿ ಆಗಿನಿಂದ ನೋಡುತ್ತಿದ್ದಳು. (ನಾನು ಕರೆದದ್ದಲ್ಲ, ತಾನೇ ಬಂದಳು.) ಬಿಟ್ಟ ಚಪ್ಪಲಿ ತೋರಿಸಿ, ಗುಡ್ಡಕ್ಕೆ ಕೈ ಮುಗಿದು, ಹೌದಾ ಎಂಬಂತೆ ಹುಬ್ಬು ಹಾರಿಸಿದಳು.

"ಹೂಂ ನಮ್ಮವ್ವಾ, ಅದಕ್ಕ," ಎಂದಳು ಸುಂದರವ್ವ.

ಮುದುಕಿ ಮನೆಗೆ ಹೋಗಿ ನಾರಿನಿಂದ ಹೆಣೆದ ಕಾಲುಜೋಡು ತಂದಳು. ಚಳಿಗಾಲದಲ್ಲಿ ಅಡುಗೆಮನೆಗೂ ಗುಡಿಗೂ ಹಾಕಿಕೊಳ್ಳುವಂಥದು, ಚರ್ಮದ ಸೋಂಕಿಲ್ಲ. ಅದರ ಮೇಲೇ ತನ್ನ ಕಟ್ಟಿಗೆಯ ಸ್ಕೀಯನ್ನು ಹಗ್ಗದಿಂದ ಬಿಗಿದಳು. ಸುಂದರವ್ವ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಹಿಮ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಹಗ್ಗ ಹಿಡಿದಳು. ಎಂಜಿನ್ನು ಡುಗುಡುಗು ಎಂದಿತು.

"ಏ ಸುಂದರಾ, ಬಿದ್ದಗಿದ್ದಿ! ಕೈ ಮುರಕೊಂಡ್ರ ರೊಟ್ಟಿ ಬಡಿಯೋರ್ಯಾರು?"

"ನೀವ ಬಡೀರಿ! ರಜಾ ಐತೆಲ್ಲಾ!"

ಮತ್ತು ತುದಿಯಿಂದ, ಯಾವ ಗೋಡೆಯನ್ನೂ ಹಿಡಿಯದೆ, ಹೊರಟಳು.

೫

ಈಗ ಮುಗಿಸಬೇಕು.

(ಅ) ಬೀಳುತ್ತಾಳೆ. ನಿಜಗುಣಪ್ಪ ಮೂವತ್ತು ವರ್ಷಗಳಲ್ಲಿ ಮೊದಲ ಸಲ ನಾಲ್ಕು ಮಂದಿಯೆದುರು ಆಕೆಯ ಕೈ ಹಿಡಿದು ಎಬ್ಬಿಸುತ್ತಾನೆ.

(ಆ) ಬೀಳುವುದಿಲ್ಲ. ಬಸ್ಸಿನವರೆಲ್ಲ ಚಪ್ಪಾಳೆ ತಟ್ಟುತ್ತಾರೆ.

ಎರಡನ್ನೂ ಆಕೆಗೆ ಓದಿ ಹೇಳಿದೆ. ಗಾಳಿಯೊಳಗಿಂದ ದನಿ ಬಂತು: "ಎರಡರಾಗೂ ನನ್ನ ಕೆಳಗ ತರತೀರಿ. ಕೆಳಗ ಏನೈತ್ರಿ? ಬಸ್ಸ ಐತಿ."

"ಮತ್ತೆಲ್ಲಿ ಬಿಡಲಿ?"

"ಇಲ್ಲೇ, ನಡುವ. ನೀವು ಡಬ್ಬಿ ಕಟ್ಟೂದೈತಲ್ಲ, ಹೋಗಿ ಒಂದೀಟ ಮಲಕೋರಿ."

ಕೆಳಗೆ ಬಸ್ಸು ಮೂರನೇ ಸಲ ಹಾರ್ನು ಹೊಡೆಯಿತು. ನಿಜಗುಣಪ್ಪ ಆಕೆಯ ಚಪ್ಪಲಿ ಎತ್ತಿ, ಹಿಮ ಝಾಡಿಸಿ, ಜೋಡಿಸಿ ಇಟ್ಟ. ಡ್ರೈವರನತ್ತ ಕೈ ಅಡ್ಡ ಮಾಡಿದ.

"ತಡೀರಿ. ಆಕಿ ಇನ್ನೂ ಬರಾಕತ್ತಾಳ."