ಕ್ಲಚ್ ಅಕ್ಕನ ಪ್ರಶ್ನೆ

ಡ್ರೈವಿಂಗ್ ಶಾಲೆ ನಡೆಸುವ ಆ ಹೆಂಗಸನ್ನು ಬಂದರಿನ ಊರಲ್ಲಿ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಹದಿನೆಂಟು ವರ್ಷ ಪಕ್ಕದ ಸೀಟಿನಲ್ಲಿ ಕೂತು "ಕ್ಲಚ್, ಕ್ಲಚ್!" ಎಂದು ಕೂಗಿ ಕೂಗಿ ಊರಿಗೆಲ್ಲ ಕ್ಲಚ್ ಅಕ್ಕ ಆಗಿಹೋಗಿದ್ದಳು.

ಆ ವರ್ಷ ಪೆಟ್ರೋಲ್ ಬೆಲೆ ನಾಲ್ಕನೇ ಸಲ ಏರಿದಾಗ ಅವಳು ಬೇರೆ ದಾರಿ ಕಾಣದೆ ಒಂದು ಉಪಾಯ ಹೂಡಿದಳು. ಮೊದಲ ಮೂರು ಪಾಠ ಎಂಜಿನ್ ಚಾಲೂ ಮಾಡದೆಯೇ. ಕಲಿಯಲು ಬಂದವರು ನಿಂತ ಕಾರಿನಲ್ಲಿ ಗೇರ್ ಬದಲಿಸಬೇಕು, ಕನ್ನಡಿ ನೋಡಬೇಕು, ಇಲ್ಲದ ತಿರುವಿಗೆ ಇಂಡಿಕೇಟರ್ ಹಾಕಬೇಕು. ಎದುರಿನ ಟೈಲರ್ ಕತ್ತರಿ ಕೆಳಗಿಟ್ಟು, "ಎಲ್ಲಿವರೆಗೆ ಬಂತಕ್ಕಾ ಸವಾರಿ? ಊರು ಬಂದಾಗ ಹೇಳಿ" ಎಂದು ಕಿಚಾಯಿಸುತ್ತಿದ್ದ. ಅವಳು ನಗುತ್ತಿರಲಿಲ್ಲ. ಫೀಸು ಕೊಟ್ಟವರಿಗೆ ಗೊಂಬೆಯಾಟ ಆಡಿಸುತ್ತಿದ್ದೇನೆಂಬ ನಾಚಿಕೆ ಅವಳನ್ನು ಒಳಗೇ ಕೊರೆಯುತ್ತಿತ್ತು.

ಹೀಗಿರುವಾಗ ದಡದಿಂದ ತುಸು ದೂರದಲ್ಲೇ ಸಮುದ್ರದ ತಳದಲ್ಲಿ ಎಣ್ಣೆಯಿದೆ, ಬಾವಿ ಕೊರೆಯಲು ಕಂಪನಿಯೊಂದು ಅನುಮತಿ ಕೇಳಿದೆ ಎಂಬ ಸುದ್ದಿ ಬಂತು. ಅಕ್ಕ ಹಿಂದೆ ಮುಂದೆ ನೋಡದೆ ಬೆಂಬಲದ ಮನವಿಗೆ ಸಹಿ ಹಾಕಿದಳು. 'ನಮ್ಮ ಎಣ್ಣೆ ನಮಗೆ' ಎಂಬ ಸ್ಟಿಕರನ್ನು ಕಾರಿನ ಹಿಂದಿನ ಗಾಜಿಗೆ ಅಂಟಿಸಿಕೊಂಡೂ ಬಂದಳು.

ಅದನ್ನು ಮೊದಲು ಕಂಡವನು ಅವಳ ತಮ್ಮ. ದೋಣಿ ನಿಲ್ಲುವ ಧಕ್ಕೆಯಲ್ಲಿ ಮೀನುಗಾರರ ಎಂಜಿನ್ ರಿಪೇರಿ ಮಾಡುವವನು. ಉಗುರಿನ ಸಂದಿಯ ಮಸಿಯನ್ನು ತೊಳೆಯುತ್ತಲೇ ಅಡುಗೆಮನೆಗೆ ನುಗ್ಗಿದ.

"ಏನಕ್ಕಾ ಅದು, ಕಾರಿನ ಬೆನ್ನಿಗೆ ಅಂಟಿಸ್ಕೊಂಡಿರೋದು?"

"ಕಣ್ಣಿದ್ಯಲ್ಲ, ಓದ್ಕೋ."

"ಬಾವಿ ಸುತ್ತ ದೋಣಿ ಬಿಡಲ್ವಂತೆ. ಮೀನಿರೋದೇ ಅಲ್ಲಿ. ದೋಣಿ ಹೋಗದಿದ್ರೆ ನಾನು ಯಾರ ಎಂಜಿನ್ ಬಿಚ್ಚಲಿ?"

"ಈಗ ಡೀಸೆಲ್ ಕೊಳ್ಳೋಕಾಗದೆ ಅರ್ಧ ದೋಣಿ ಕಟ್ಟಿ ಹಾಕಿದ್ದಾರಲ್ಲ, ಅವಕ್ಕೇನು ಮಾಡ್ತೀಯ? ಇಲ್ಲಿ ಕೊರೀಬೇಡಿ ಅಂದ್ರೆ ಇನ್ಯಾರದೋ ಮನೆ ಮುಂದೆ ಕೊರೀತಾರೆ. ನಿನ್ನ ದೋಣಿ ನೀರು ಕುಡಿದು ಓಡುತ್ತಾ?"

"ನಿನ್ನ ಹತ್ರ ಮಾತಾಡೋದೂ ಒಂದೇ, ಆ ಗೋಡೆ ಹತ್ರ ಮಾತಾಡೋದೂ ಒಂದೇ."

"ಹಾಗಾದ್ರೆ ಗೋಡೆಗೇ ಹೇಳು. ನಂಗೆ ಕ್ಲಾಸಿದೆ."

ಅವನು ಒದ್ದೆ ಕೈಯಲ್ಲೇ ಬಾಗಿಲು ದಡಾರನೆ ಎಳೆದುಕೊಂಡು ಹೋದ. ಮುಂದಿನ ಎರಡು ವಾರ ಆ ಕಡೆ ತಲೆ ಹಾಕಲಿಲ್ಲ.

ಅದೇ ದಿನಗಳಲ್ಲಿ ಕಲಿಯಲು ಬಂದಿದ್ದವನು ಕೊರೆಯುವ ಕಂಪನಿಯ ಇಂಜಿನಿಯರ್. ನಲವತ್ತು ದಾಟಿದ, ಮೆತ್ತನೆ ಮಾತಿನ ಮನುಷ್ಯ. ಸಮುದ್ರದಡಿಯ ಬಂಡೆಗೆ ಮೂರು ಕಿಲೋಮೀಟರ್ ತೂತು ಹಾಕಬಲ್ಲವನಿಗೆ ಬಲಕ್ಕೆ ತಿರುಗುವುದೆಂದರೆ ಎಲ್ಲಿಲ್ಲದ ಭಯ. ಏಳನೇ ಪಾಠದ ದಿನ ಸಿಗ್ನಲ್ಲಿನಲ್ಲಿ ಮೂರನೇ ಸಲ ಎಂಜಿನ್ ಆಫ್ ಮಾಡಿಕೊಂಡ. ಹಿಂದಿನ ಲಾರಿ ಹಾರ್ನ್ ಒತ್ತಿ ಹಿಡಿಯಿತು.

"ಕ್ಲಚ್! ಪೂರ್ತಿ ಒತ್ತಿ ಸರ್! ಪದೇ ಪದೇ ಸ್ಟಾರ್ಟ್ ಮಾಡಿ ಸುಮ್ನೆ ಪೆಟ್ರೋಲ್ ಸುಡ್ತಿದೀರಿ," ಎಂದವಳು, ಕಾರು ಮುಂದೆ ಹೋದ ಮೇಲೆ ದನಿ ತಗ್ಗಿಸಿ ಕೇಳಿದಳು: "ಅಲ್ಲಾ ಸರ್, ನೀವು ಬಾವಿ ತೋಡಿದ ಮೇಲೆ ಇಲ್ಲಿ ಬೆಲೆ ಎಷ್ಟು ಇಳಿಯುತ್ತೆ?"

ಅವನು ರಸ್ತೆಯಿಂದ ಕಣ್ಣು ತೆಗೆಯದೆ, "ಇಲ್ಲಿಯಾ?" ಎಂದ. "ಇಲ್ಲಿ ಅಂತ ಬೇರೆ ಇಳಿಯಲ್ಲ ಮೇಡಂ. ಎಣ್ಣೆ ಬರೋಕೇ ಎಂಟು ಹತ್ತು ವರ್ಷ. ಬಂದ ಮೇಲೂ ಪ್ರಪಂಚದ ಮಾರುಕಟ್ಟೆಗೆ ಹೋಗುತ್ತೆ. ಅಲ್ಲಿ ಇದು ಹಂಡೆಗೆ ಒಂದು ಚಮಚ ಹಾಕಿದ ಹಾಗೆ."

"ಮತ್ತೆ 'ನಮ್ಮ ಎಣ್ಣೆ ನಮಗೆ' ಅಂತ ಹಂಚಿದ್ರಲ್ಲ?"

"ಅದು ಪ್ರಚಾರದ ವಿಭಾಗದವರು. ನಾನು ಬರೀ ಕೊರೆಯೋದು." ಗೇರ್ ಬದಲಿಸಿ ಸೇರಿಸಿದ: "ಕೆಲಸ ಸಿಗುತ್ತೆ ಮೇಡಂ, ತೆರಿಗೆ ಬರುತ್ತೆ. ಅದು ಸುಳ್ಳಲ್ಲ."

ಆ ಮಧ್ಯಾಹ್ನ ಅವಳು ಕಾರಿನ ಹಿಂದೆ ಕೂತು ಸ್ಟಿಕರ್ ಕೆರೆದಳು. ಅರ್ಧ ಬಂತು, ಅರ್ಧ ಬರಲಿಲ್ಲ. ಸಿಟ್ಟು ನೆತ್ತಿಗೇರಿತ್ತು. ಯಾರ ಮೇಲೆ ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ನಗರಸಭೆಯ ಸಭಾಂಗಣದಲ್ಲಿ ಬಾವಿಯ ಬಗ್ಗೆ ಸಾರ್ವಜನಿಕ ಅಹವಾಲು ಸಭೆ ನಡೆದ ದಿನ ಎಡಗಡೆ ಕೊರೆಯಿರಿ ಎನ್ನುವವರು, ಬಲಗಡೆ ಬೇಡ ಎನ್ನುವವರು. ತಮ್ಮ ಬಲಗಡೆ ರಟ್ಟಿನ ಫಲಕ ಹಿಡಿದು ಕೂತಿದ್ದ. ಇಂಜಿನಿಯರ್ ಮುಂದಿನ ಸಾಲಿನಲ್ಲಿದ್ದ. ತಲೆಗೆ ಮೂರು ನಿಮಿಷ ಎಂದು ಅಧಿಕಾರಿ ಕಟ್ಟಪ್ಪಣೆ ಮಾಡಿದ್ದರು. ಅಕ್ಕನ ಸರದಿ ಬಂತು.

"ನಂಗೆ ಪೆಟ್ರೋಲ್ ಬೇಕು. ಅದಿಲ್ದೆ ನನ್ನ ಹೊಟ್ಟೆಪಾಡು ನಡೆಯಲ್ಲ," ಎಂದಳು. ಎಡಗಡೆಯವರು ಚಪ್ಪಾಳೆ ತಟ್ಟಿದರು.

"ಆದ್ರೆ ಇಲ್ಲಿ ಕೊರೆದ್ರೆ ನಮ್ಮ ಬಂಕಲ್ಲಿ ಬೆಲೆ ಎಷ್ಟು ಇಳಿಯುತ್ತೆ? ಯಾವ ವರ್ಷ? ಬರೆದು ಕೊಡಿ." ಈಗ ಬಲಗಡೆಯವರು ತಟ್ಟಿದರು. ತಮ್ಮ ಎದ್ದೇ ನಿಂತ.

ಅವಳು ಅವನತ್ತ ತಿರುಗಿದಳು. "ತಟ್ಟಬೇಡಿ, ಇನ್ನೂ ಮುಗಿದಿಲ್ಲ. ಕೊರೀಲೇಬೇಡಿ ಅಂತೀರಲ್ಲ, ಬೇರೆ ದಾರಿ ಸಿಗೋವರೆಗೆ ನನ್ನ ಕಾರು, ಇವನ ದೋಣಿ ಏನು ಕುಡೀಬೇಕು? ಅದನ್ನೂ ಬರೆದು ಕೊಡಿ."

ಯಾರೂ ತಟ್ಟಲಿಲ್ಲ. ಅಧಿಕಾರಿ ಕನ್ನಡಕ ಸರಿಪಡಿಸಿಕೊಂಡು, "ಬೆಲೆ ಇವತ್ತಿನ ಸಭೆಯ ವ್ಯಾಪ್ತಿಗೆ ಬರಲ್ಲಮ್ಮ. ಮುಂದಿನವರು" ಎಂದರು.

"ಇಲ್ಲಿ ಬಂದಿರೋ ಅರ್ಧ ಜನ ಬೆಲೆಗೋಸ್ಕರ ಬಂದಿದ್ದಾರೆ! ಅದೇ ವ್ಯಾಪ್ತಿಗೆ ಬರಲ್ಲ ಅಂದ್ರೆ..." ಮೈಕು ಆಫ್ ಆಯಿತು. ಅವಳ ಬಾಯಿ ಆಡುತ್ತಲೇ ಇತ್ತು. ಹಿಂದಿನ ಸಾಲಿಗೆ ಏನೂ ಕೇಳಲಿಲ್ಲ.

ಹೊರಗೆ ಮೆಟ್ಟಿಲ ಬಳಿ ತಮ್ಮ ಬಂದು ನಿಂತ. "ಕೊನೆಗೂ ಅರ್ಧ ನಮ್ಮ ಕಡೆ ಮಾತಾಡ್ದೆ."

"ಯಾರ ಕಡೆನೂ ಮಾತಾಡ್ಲಿಲ್ಲ ಕಣೋ. ಕೇಳ್ದೆ. ಅಷ್ಟು ಜನರಲ್ಲಿ ಒಬ್ಬರಿಗಾದ್ರೂ ಉತ್ತರ ಗೊತ್ತಿತ್ತಾ?"

ತಮ್ಮ ಫಲಕವನ್ನು ಕಂಕುಳಲ್ಲಿಟ್ಟುಕೊಂಡು ಧಕ್ಕೆಯ ಕಡೆ ನಡೆದ.

ನಾಲ್ಕು ತಿಂಗಳಿಗೆ ಅನುಮತಿ ಸಿಕ್ಕಿತು. ದೋಣಿಗಳು ಬಳಸು ಹಾದಿ ಹಿಡಿದು ಇನ್ನಷ್ಟು ಡೀಸೆಲ್ ಸುಡತೊಡಗಿದವು. ಬಂಕಿನಲ್ಲಿ ಬೆಲೆ ಹತ್ತು ದಿನ ಚೂರು ಇಳಿಯಿತು. ಬಾವಿಯ ದೆಸೆಯಿಂದಲೇ ಎಂದು ಎಡಗಡೆಯವರು ಹಿಗ್ಗಿದರು. ಹನ್ನೊಂದನೇ ದಿನ ಮತ್ತೆ ಏರಿತು. ಇಂಜಿನಿಯರ್ ಲೈಸೆನ್ಸ್ ಪಡೆದು ನಡುಸಮುದ್ರದ ಕೆಲಸಕ್ಕೆ ಹೋದ. ಅಲ್ಲಿ ಓಡಿಸಲು ರಸ್ತೆಯೇ ಇರಲಿಲ್ಲ. ಅಕ್ಕ ಎರಡು ಕಾರಿನಲ್ಲಿ ಒಂದನ್ನು ಮಾರಿದಳು.

ಮೈಕಿನಲ್ಲಿ ಮುಗಿಸಲಾಗದ ಮಾತನ್ನು ಅವಳು ಅನುಮತಿ ಕೊಟ್ಟ ಇಲಾಖೆಗೆ ಬರೆದು ಕಳಿಸಿದಳು. 'ತಮ್ಮ ಪತ್ರ ತಲುಪಿದೆ' ಎಂದು ಉತ್ತರ ಬಂತು. ಇನ್ನೊಮ್ಮೆ ಬರೆದಳು. ಅದೇ ಸಾಲು, ತಾರೀಕು ಮಾತ್ರ ಬೇರೆ. ಮೂರನೇ ಪತ್ರಕ್ಕೆ ಕೂತಾಗ ತಮ್ಮ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತ.

"ದೋಣಿ ಎಷ್ಟು ದೂರ ಸುತ್ತಬೇಕಾಗಿದೆ ಅಂತಾನೂ ಹಾಕು. ಮೇಲೇ ಹಾಕು."

"ಮೇಲೆ ಬೆಲೆ ಇರುತ್ತೆ. ಪತ್ರ ನಂದು."

"ಸಮುದ್ರದ ಮಾತು ಕೆಳಗೆ ಬರೆದ್ರೆ ಓದೋರು ಅಲ್ಲೀವರೆಗೆ ಹೋಗಲ್ಲಕ್ಕಾ."

"ಮೇಲಿಂದಾದ್ರೂ ಓದ್ತಾರೆ ಅಂತ ನಿನಗ್ಯಾರು ಹೇಳಿದ್ರು?"

ತಮ್ಮ ಅವಳ ಕೈಯಿಂದ ಪೆನ್ನು ಕಿತ್ತುಕೊಂಡ. ಅವಳು ಕಾಗದವನ್ನು ತನ್ನತ್ತ ಎಳೆದುಕೊಂಡಳು. ಮೊದಲ ವಾಕ್ಯಕ್ಕೇ ಅರ್ಧ ಗಂಟೆ ಹಿಡಿಯಿತು.