ಹೊಸ್ತಿಲ ಉಪ್ಪು

ನಮ್ಮೂರಲ್ಲಿ ಮಾಡಿನ ಹಿಮವನ್ನು ಇಳಿಸುತ್ತೇವೆ ಎನ್ನುವುದಿಲ್ಲ, ಅಗೆಯುತ್ತೇವೆ ಎನ್ನುತ್ತೇವೆ. ಎಚಿಗೊದ ಈ ಕಣಿವೆಯಲ್ಲಿ ಚಳಿಗಾಲವೆಂದರೆ ಮನೆಯನ್ನು ಹಿಮದೊಳಗಿಂದ ಅಗೆದು ಹೊರತೆಗೆಯುವ ಕೆಲಸ. ಗಂಡಸರು ಭತ್ತದ ಕೊಯ್ಲು ಮುಗಿಸಿದ್ದೇ ಟೋಕಿಯೊ ಕಡೆಗೆ ಸುರಂಗ ಕೊರೆಯಲು ಹೊರಟುಬಿಡುತ್ತಾರೆ. ಮರದ ಸಲಿಕೆ ಹಿಡಿದು ಮಾಡು ಹತ್ತುವವರು ನಾವು, ಹೆಂಗಸರು. ಗಂಡ ಸತ್ತಾಗಿನಿಂದ ನನ್ನ ಮಾಡನ್ನು ನಾನೇ ಅಗೆದಿದ್ದೇನೆ, ಯಾರ ಮುಂದೆಯೂ ಹಲ್ಲು ಗಿಂಜಿಲ್ಲ.

ಪಕ್ಕದ ಮನೆ ನನ್ನ ತಮ್ಮ ಸೇಕಿಚಿಯದು. ಅಮ್ಮ ಅವನ ಜೊತೆಗಿದ್ದಳು. ಅವನ ಹೆಂಡತಿ ಮಿಯೊಗೆ ಎತ್ತರಕ್ಕೆ ಹತ್ತಿದರೆ ತಲೆ ತಿರುಗುತ್ತಿತ್ತು. ಅವಳು ಏಣಿ ಹತ್ತುವುದನ್ನು ನೋಡಲಾರದೆ ಒಂದು ವರ್ಷ ಅವನು ಹುಲ್ಲಿನ ಮಾಡು ಕಿತ್ತು ತಗಡು ಹಾಕಿಸಿದ. ಊರಿಗೇ ಮೊದಲ ತಗಡಿನ ಮನೆ, ಅದಕ್ಕೆ ಕೆಂಪು ಬಣ್ಣ ಬೇರೆ!

"ಇನ್ಮೇಲೆ ಯಾರೂ ಹತ್ತೋದೇ ಬೇಡ ಕಣೇ ಅಕ್ಕ. ಒಲೆ ಜೋರಾಗಿ ಉರಿಸಿದ್ರೆ ಸಾಕು, ಹಿಮ ತಾನಾಗೇ ಜಾರಿ ಬೀಳತ್ತೆ" ಅಂದ.

"ಹೂಂ ಹೂಂ, ಕೈ ಮುಗಿದು ಹೋಗ್ಬರ್ತೀನಿ ಅಂತ ಹೇಳಿ ಜಾರತ್ತೆ! ಟೋಕಿಯೊ ನೀರು ಕುಡಿದು ನಿನ್ನ ತಲೆ ಕೆಟ್ಟಿದೆ."

"ನಿಂಗೆ ಹೊಟ್ಟೆಕಿಚ್ಚು. ಬರೋ ವರ್ಷ ನಿನ್ನ ಮನೆಗೂ ಹಾಕಿಸಿಕೊಡ್ತೀನಿ ಬಿಡು."

ಹಾಗೆ ನಗುತ್ತಲೇ ಸುರಂಗದ ಕೆಲಸಕ್ಕೆ ಹೋದ. ಅವನ ಮೇಲೆ ಎಷ್ಟು ಹೊತ್ತು ಅಂತ ಸಿಟ್ಟು ಮಾಡುವುದು? ಅಪ್ಪ ತೀರಿಕೊಂಡಾಗ ಅವನು ಇನ್ನೂ ತೊದಲುತ್ತಿದ್ದ. ಬೆನ್ನಿಗೆ ಕಟ್ಟಿಕೊಂಡು ಗದ್ದೆಗೆ ಹೋದವಳು ನಾನು.

ಆ ಚಳಿಗಾಲ ಮೊದಲು ಬಿದ್ದದ್ದು ಒದ್ದೆ ಹಿಮ. ಹಿಂದೆಯೇ ಬಂದ ಕೊರೆಚಳಿಗೆ ಅದು ತಗಡಿಗೆ ಕಚ್ಚಿಕೊಂಡು ಕೂತಿತು. ಅದರ ಮೇಲೆ ಹಗಲೂ ರಾತ್ರಿ ಸುರಿದೇ ಸುರಿಯಿತು. ಜಾರುವ ಮಾತು ಎಲ್ಲಿ ಬಂತು? ಆಳೆತ್ತರಕ್ಕೆ ಬೆಳೆಯಿತು. ಅಂಗಳದಲ್ಲೂ ಅಷ್ಟೇ. ಬಾಗಿಲಿಗೆ ಹೋಗಲು ಹಿಮದಲ್ಲೇ ಮೆಟ್ಟಿಲು ಕಡಿದು, ಬಾವಿಗೆ ಇಳಿಯುವ ಹಾಗೆ ಇಳಿಯಬೇಕಿತ್ತು.

"ಮಿಯೊ, ಒಳಗಿನ ಬಾಗಿಲುಗಳು ಸರೀತಾವಾ?" ಎಂದು ಕೇಳಿದೆ. ಮಾಡಿಗೆ ಭಾರವಾದರೆ ಮೊದಲು ಬಿಗಿಯುವುದು ಜಾರುಬಾಗಿಲು.

"ಎರಡೂ ಕೈ ಹಾಕಿ ಎಳೀಬೇಕು ಅತ್ತಿಗೆ."

"ಮತ್ತಿನ್ನೇನು ನೋಡ್ತಿದ್ದೀಯ? ಏಣಿ ಹಾಕು, ನಾನು ಅಗೀತೀನಿ."

"ಬೇಡಿ ಅತ್ತಿಗೆ. ತಗಡಿನ ಮೇಲೆ ಕಾಲು ನಿಲ್ಲಲ್ಲ, ಯಾರನ್ನೂ ಹತ್ತಿಸ್ಬೇಡ ಅಂತ ಆಣೆ ಹಾಕಿಸ್ಕೊಂಡು ಹೋಗಿದಾರೆ. ಹಬ್ಬಕ್ಕೆ ಬರ್ತಾರಲ್ಲ, ಅವರೇ ನೋಡ್ಲಿ."

ನನ್ನ ಮಾತು ನೀರಿನಲ್ಲಿ ಹೋಮ ಮಾಡಿದ ಹಾಗಾಯಿತು. ಗಂಡ ಹೆಂಡಿರ ಆಣೆಯ ನಡುವೆ ನಾನೇನು ಮಾಡಲಿ?

ಹೊಸ ವರ್ಷದ ಹಬ್ಬಕ್ಕೆ ಅವನು ಬರುವ ದಿನ ಹಿಮ ನಿಂತು ಬಿಸಿಲು ಬಿತ್ತು. ಮಗ ಬೆಚ್ಚಗಿನ ಮನೆಗೆ ಬರಲಿ ಎಂದು ಅಮ್ಮ ಬೆಳಗಿನಿಂದ ಒಲೆಗೆ ಕೊರಡಿನ ಮೇಲೆ ಕೊರಡು ಒಟ್ಟಿದ್ದಳು. ನಾನು ನನ್ನ ಮಾಡಿನ ಮೇಲೆ ಅಗೆಯುತ್ತಿದ್ದೆ. ಮಧ್ಯಾಹ್ನ ಅವನು ಬಂದ. ಹೆಗಲಲ್ಲಿ ಗಂಟು, ಕಾಲಿಗೆ ಹಿಮದಲ್ಲಿ ನಡೆಯುವ ಬೆತ್ತದ ಬಳೆಗಳು.

"ಅಕ್ಕಾ! ಹೋದ ವರ್ಷ ಬಂದಾಗ್ಲೂ ಅಲ್ಲೇ ಇದ್ದೆ, ಈಗ್ಲೂ ಅಲ್ಲೇ ಇದ್ದೀಯಲ್ಲೇ!"

"ಬಂದ್ಯಾ ದೊರೆ? ಸ್ವಲ್ಪ ಕತ್ತು ಎತ್ತಿ ನಿನ್ನ ತಗಡಿನ ಪ್ರತಾಪ ನೋಡು!"

ನೋಡಿದ. ನಗು ಮಾಯವಾಯಿತು. "ಅಯ್ಯಯ್ಯೋ, ಇಷ್ಟೊಂದಾ? ಒಂದು ಲೋಟ ಟೀ ಕುಡಿದು ಈಗ್ಲೇ ಹತ್ತುತೀನಿ." ಎರಡು ಹೆಜ್ಜೆ ಇಟ್ಟು ನಿಂತ. "ಅಕ್ಕ, ಆಚೆ ಊರಿನ ರೊಕುಜೊ ಹೋಗ್ಬಿಟ್ಟ ಕಣೇ. ಸುರಂಗದಲ್ಲಿ ಬಂಡೆ ಬಿತ್ತು. ಮೂಳೆ ಪೆಟ್ಟಿಗೆ ಅವನ ತಾಯಿ ಕೈಗೆ ಕೊಟ್ಟು ಬರ್ತಿದ್ದೀನಿ."

ಅವನು ಮೆಟ್ಟಿಲು ಇಳಿದ. ಸೂರಿನ ಕೆಳಗೆ ಬಾಗಿಲ ಮುಂದೆ ನಿಂತು, "ಅಮ್ಮಾ, ಸಾವಿನ ಮನೆಯಿಂದ ಬಂದಿದ್ದೀನಿ" ಎಂದ.

"ನಿಲ್ಲು ಮಗಾ! ಒಳಗೆ ಕಾಲಿಡಬೇಡ, ಉಪ್ಪು ತರ್ತೀನಿ!" ಅಮ್ಮನ ದನಿ ನನ್ನ ಮಾಡಿನವರೆಗೂ ಕೇಳಿತು. ಸಾವಿನ ಮೈಲಿಗೆ ಹೊತ್ತು ಬಂದವರು ಮೈಮೇಲೆ ಉಪ್ಪು ಎರಚಿಸಿಕೊಳ್ಳದೆ ಹೊಸ್ತಿಲು ದಾಟುವಂತಿಲ್ಲ. ಇಲ್ಲದಿದ್ದರೆ ಸಾವು ಬೆನ್ನು ಹಿಡಿದು ಒಳಗೆ ಬರುತ್ತದೆ.

ಮಿಯೊ ಬಾಗಿಲಿಗೆ ಓಡಿಬಂದಳು. ಅವಳ ಎರಡು ಕೈ ಹೊರಗೆ ಚಾಚಿದ್ದು ಕಂಡಿತು. "ಮುಟ್ಟಬೇಡ ಕಣೇ ಹುಡುಗಿ! ಒಂದು ಗಳಿಗೆ ತಡಿ!" ಎಂದಳು ಅಮ್ಮ ಒಳಗಿಂದ. ಕೈಗಳು ಹಿಂದಕ್ಕೆ ಹೋದವು. ಥಂಡಿಗೆ ಮಡಕೆಯಲ್ಲಿ ಉಪ್ಪು ಗಟ್ಟಿ ಕಟ್ಟಿತ್ತು. ಅಮ್ಮ ಅದನ್ನು ಕುಟ್ಟುವ ಸದ್ದು ಕೇಳುತ್ತಿತ್ತು, ಟಕ್ ಟಕ್ ಅಂತ.

ಆಗ ಅವನ ಮನೆಯ ಮಾಡಿನ ನೆತ್ತಿಯಲ್ಲಿ ಒಂದು ಕೆಂಪು ಗೆರೆ ಕಂಡಿತು. ಅಷ್ಟು ದಿನ ಮುಚ್ಚಿದ್ದ ತಗಡು ಅದು. ನಾನು ನೋಡುತ್ತಿದ್ದ ಹಾಗೆ ಗೆರೆ ಅಗಲವಾಯಿತು.

"ಒಳಗೆ ಹೋಗೋ! ಸೇಕಿಚಿ, ಒಳಗೆ ಹೋಗೋ!"

ಅವನಿಗೆ ಕೇಳಿತು. ಕಾಲು ಎತ್ತಿದ. ಎತ್ತಿ, ಅಮ್ಮನ ಕಡೆ ನೋಡಿದ. ಅಮ್ಮ ಇನ್ನೂ ಉಪ್ಪು ತಂದಿರಲಿಲ್ಲ.

ಇಡೀ ಮಾಡಿನ ಹಿಮ ಒಂದೇ ಸಲಕ್ಕೆ ಬಂತು. ಬಾಗಿಲ ಮುಂದಿನ ಗುಂಡಿ ತುಂಬಿ ನೆಲಸಮವಾಯಿತು.

ನಾನು ಹೇಗೆ ಇಳಿದೆನೋ ಕಾಣೆ. ಊರಲ್ಲಿದ್ದವರೆಲ್ಲ ಸಲಿಕೆ ಹಿಡಿದು ಓಡಿಬಂದರು, ಮುದುಕರು, ಹೆಂಗಸರು. ಜಾರಿ ಬಿದ್ದ ಹಿಮ ಮೆತ್ತಗಿರುವುದಿಲ್ಲ, ಗಾರೆಯ ಹಾಗೆ ಗಟ್ಟಿಯಾಗಿಬಿಡುತ್ತದೆ. ನನ್ನ ಸಲಿಕೆ ಮುರಿಯಿತು. ಇನ್ನೊಂದು ಕಿತ್ತುಕೊಂಡೆ. ನಡುನಡುವೆ ಎಲ್ಲರೂ ಕೈ ನಿಲ್ಲಿಸಿ ಉಸಿರು ಹಿಡಿಯುತ್ತಿದ್ದೆವು, ನಾನು ಅವನ ಹೆಸರು ಕೂಗುತ್ತಿದ್ದೆ. ಕೆಳಗಿಂದ ಏನೋ ಕೆರೆಯುವ ಸದ್ದು ಬಂತು. "ಇದಾನೆ! ಬದುಕಿದಾನೆ!" ಎಂದು ಚೀರಿದೆ. ದೇವರೇ, ಆ ಆಸೆಯನ್ನಾದರೂ ಯಾಕೆ ಕೊಟ್ಟೆಯೋ! ಅದು ಮನೆಯೊಳಗಿಂದ ಅನ್ನದ ಸಟ್ಟುಗದಲ್ಲಿ ಹಿಮ ಕೆರೆಯುತ್ತಿದ್ದ ಮಿಯೊ.

ಅವನು ಸಿಕ್ಕಿದಾಗ ನಿಂತೇ ಇದ್ದ. ಮೈಮೇಲೆ ಒಂದು ಗಾಯವಿಲ್ಲ. ಎತ್ತಿದ ಕಾಲು ಹೊಸ್ತಿಲಿಗೆ ಗೇಣು ದೂರದಲ್ಲಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಹಾಗೆ. ಬಾಗಿಲ ಒಳಗೆ ಅಮ್ಮ ಮುಷ್ಟಿ ಬಿಗಿದು ಕೂತಿದ್ದಳು. ಬಿಡಿಸಿದೆವು. ಉಪ್ಪು ಬೆವರಿಗೆ ಕರಗಿ ಅಂಗೈಗೆ ಅಂಟಿಕೊಂಡಿತ್ತು.

ಅವನನ್ನು ಹೊಳೆಯ ದಂಡೆಯಲ್ಲಿ ಸುಟ್ಟು, ಮೂಳೆ ಆಯ್ದು ಪೆಟ್ಟಿಗೆಗೆ ತುಂಬಿಕೊಂಡು ಮನೆಗೆ ಬಂದೆವು. ನೆರೆಯ ಹೆಂಗಸೊಬ್ಬಳು ಉಪ್ಪಿನ ಬಟ್ಟಲು ಹಿಡಿದು ಬಾಗಿಲಲ್ಲಿ ಕಾದಿದ್ದಳು. ನಾವೆಲ್ಲ ಅಭ್ಯಾಸದಂತೆ ಸೂರಿನ ಕೆಳಗೆ ನಿಂತೆವು. ಮಿಯೊ ನಿಲ್ಲಲಿಲ್ಲ. ಪೆಟ್ಟಿಗೆಯನ್ನು ಎದೆಗೆ ಅವುಚಿಕೊಂಡು, "ಇವರನ್ನ ಇನ್ನೊಂದ್ಸಲ ಹೊರಗೆ ನಿಲ್ಲಿಸಲ್ಲ" ಎಂದು ಆ ಹೆಂಗಸನ್ನು ಸರಿಸಿ ಒಳಗೆ ನಡೆದಳು. ನಾನೂ ಅವಳ ಹಿಂದೆಯೇ ಹಾಗೇ ಹೋದೆ.

ಅಮ್ಮ ಮಾತ್ರ ಬರಲಿಲ್ಲ. ಹೊರಗೆ ಹೋಗಿ ಕೈ ಹಿಡಿದೆ.

"ಒಳಗೆ ಬಾಮ್ಮ, ಚಳಿ."

"ನೀನು ಹೋಗು. ನನ್ನ ಮಗನ್ನ ನಾನು ನಿಲ್ಲಿಸಿದ ಜಾಗ ಇದು. ಮಾಡಿನ ಹಿಮ ಬೀಳೋವರೆಗೂ ನಾನೂ ಇಲ್ಲೇ ನಿಂತಿರ್ತೀನಿ" ಎಂದು ಕತ್ತು ಎತ್ತಿ ಮಾಡನ್ನೇ ನೋಡುತ್ತಾ ನಿಂತಳು.

ಬೀಳಲು ಅಲ್ಲಿ ಏನೂ ಇರಲಿಲ್ಲ. ಮತ್ತೆ ಬಿದ್ದಿದ್ದ ಹಿಮವನ್ನೆಲ್ಲ ಆ ಬೆಳಿಗ್ಗೆ ನಾನೇ ಸೊಂಟಕ್ಕೆ ಹಗ್ಗ ಬಿಗಿದು ಹತ್ತಿ, ಒಂದು ಹಿಡಿಯೂ ಉಳಿಯದ ಹಾಗೆ ಅಗೆದು ಹಾಕಿದ್ದೆ.